ಆಟ ಹುಡುಗರದು, ಕಾಗದ ಯಜಮಾನರದು

ಮ್ಯಾಥ್ಯೂ ಸ್ಲೂಕಾ ಎಂಬ ಯುವಕನ ಹೆಸರು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಪರಿಚಯವಿರಲಾರದು. ಅಮೆರಿಕದ ಲಾಸ್ ವೇಗಸ್‌ನಲ್ಲಿರುವ ನೆವಾಡಾ ವಿಶ್ವವಿದ್ಯಾನಿಲಯದ ಫುಟ್ಬಾಲ್ ತಂಡದಲ್ಲಿ ಆತ 2024ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ. (ನಾವು ಕಾಲಿನಿಂದ ಆಡುವ ಫುಟ್ಬಾಲ್ ಅಲ್ಲ ಇದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಡಿಕ್ಕಿ ಹೊಡೆಯುವ ಅಮೆರಿಕನ್ ಆಟ. ಅದರಲ್ಲಿ ಚೆಂಡು ಎಸೆದು ಆಟ ನಡೆಸುವವನೇ ಕ್ವಾರ್ಟರ್‌ಬ್ಯಾಕ್.) ಆ ವರ್ಷ ತಂಡ ಮೊದಲ ಮೂರು ಪಂದ್ಯಗಳನ್ನೂ ಗೆದ್ದಿತ್ತು. ಊರಿಗೆ ಊರೇ ಸಂಭ್ರಮದಲ್ಲಿತ್ತು. ಸೆಪ್ಟೆಂಬರ್ 24ರ ರಾತ್ರಿ ಆತ, ತನಗೆ ಕೊಟ್ಟಿದ್ದ ಮಾತುಗಳನ್ನು ಉಳಿಸಿಕೊಂಡಿಲ್ಲ, ಆದ್ದರಿಂದ ಈ ಋತುವಿನಲ್ಲಿ ಇನ್ನು ಆಡುವುದಿಲ್ಲ ಎಂದು ಪ್ರಕಟಿಸಿಬಿಟ್ಟ.

ಮಾತು ಏನಾಗಿತ್ತು? ಆತನ ಪ್ರತಿನಿಧಿ ಹೇಳಿದ ಪ್ರಕಾರ, ತಂಡದ ಸಹಾಯಕ ತರಬೇತುದಾರರೊಬ್ಬರು ಒಂದು ಲಕ್ಷ ಡಾಲರ್ ಕೊಡಿಸುವುದಾಗಿ ಬಾಯಿಮಾತಿನಲ್ಲಿ ಭರವಸೆ ನೀಡಿದ್ದರು. ಅಂದಿನ ಲೆಕ್ಕದಲ್ಲಿ ಸುಮಾರು 83 ಲಕ್ಷ ರೂಪಾಯಿ. ಆತನಿಗೆ ತಲುಪಿದ್ದು 3,000 ಡಾಲರ್. ತಂಡದ ಬೆಂಬಲಿಗರು ಆಟಗಾರರಿಗೆ ಹಣ ಕೊಡಲೆಂದೇ ಕಟ್ಟಿದ್ದ ಕೂಟ, ಬೇಸಿಗೆಯಲ್ಲಿ ಆತ ಭಾಗವಹಿಸಿದ ಒಂದು ಸಮುದಾಯ ಕಾರ್ಯಕ್ರಮಕ್ಕೆ ಆ ಹಣ ಕೊಟ್ಟಿದ್ದೇವೆ, ಬೇರೆ ಯಾವ ಒಪ್ಪಂದವೂ ಆಗಿಲ್ಲ ಎಂದಿತು. ವಿಶ್ವವಿದ್ಯಾನಿಲಯವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಡಬೇಕಾದರೆ ಹಣ ಕೊಡಿ ಎಂದು ಕೇಳುವುದೇ ನಿಯಮಕ್ಕೆ ವಿರುದ್ಧ ಎಂದು ಹೇಳಿಕೆ ಕೊಟ್ಟಿತು.

ಇವರಲ್ಲಿ ಯಾರು ಸತ್ಯವಂತರು ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಗಮನಿಸಬೇಕಾದುದು ಬೇರೆಯೇ ಇದೆ. ಜಗಳ ಆರಂಭವಾದ ಕ್ಷಣದಲ್ಲಿ ಎರಡೂ ಕಡೆಯವರು ತಡಕಾಡಿದ್ದು ಒಂದು ಕಾಗದಕ್ಕಾಗಿ. ಕಾಗದ ಇರಲಿಲ್ಲ. ಕಾಗದ ಇಲ್ಲದಿರುವುದು ಒಬ್ಬನಿಗೆ ನಷ್ಟವಾಯಿತು, ಇನ್ನೊಬ್ಬರಿಗೆ ಗುರಾಣಿಯಾಯಿತು. ನಾಲ್ಕೇ ದಿನಗಳಲ್ಲಿ ಅದೇ ತಂಡ ಹಾಜ್-ಮಾಲಿಕ್ ವಿಲಿಯಮ್ಸ್ ಎಂಬ ಬದಲಿ ಆಟಗಾರನನ್ನು ಕಣಕ್ಕಿಳಿಸಿ 59-14ರ ಅಂತರದಲ್ಲಿ ಗೆದ್ದಿತು. (ಮಾಲ್ಕಮ್ ಎಕ್ಸ್ ಹಜ್ಜ್ ನಿರ್ವಹಿಸಿದ ಬಳಿಕ ಬಳಸಿದ ಹೆಸರನ್ನು ನೆನಪಿಸುವ ಆ ಹೆಸರು ಕಂಡು ನಾನು ಒಂದು ಕ್ಷಣ ನಿಂತೆ ಎಂಬುದು ನಿಜ.) ಒಬ್ಬ ಹೊರನಡೆದರೆ ಯಂತ್ರ ನಿಲ್ಲುವುದಿಲ್ಲ. ಕಾಗದವಿಲ್ಲದ ಆಟಗಾರನ ಬೆಲೆ ಎಷ್ಟೆಂದು ಆ ನಾಲ್ಕು ದಿನಗಳು ಹೇಳಿದವು.

ಅಮೆರಿಕದ ಕಾಲೇಜು ಕ್ರೀಡೆಯೆಂದರೆ ನಮ್ಮ ಅಂತರ ಕಾಲೇಜು ಪಂದ್ಯಾಟ ಎಂದು ತಿಳಿಯಬಾರದು. ಅದು ಬೃಹತ್ ಉದ್ಯಮ. ಕಾಲೇಜು ಬಾಸ್ಕೆಟ್‌ಬಾಲಿನ ವಾರ್ಷಿಕ ಟೂರ್ನಿಯ ಪ್ರಸಾರ ಹಕ್ಕನ್ನು ಎಂಟು ವರ್ಷ ವಿಸ್ತರಿಸಲು ಟಿವಿ ಕಂಪೆನಿಗಳು 2016ರಲ್ಲಿ ಒಪ್ಪಿದ ಮೊತ್ತ 880 ಕೋಟಿ ಡಾಲರ್. ಅಲಬಾಮಾ ವಿಶ್ವವಿದ್ಯಾನಿಲಯದ ಫುಟ್ಬಾಲ್ ತರಬೇತುದಾರ ನಿಕ್ ಸಬಾನ್ ನಿವೃತ್ತಿಯ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಡಾಲರ್‌ಗೂ ಹೆಚ್ಚು ಸಂಬಳ ಪಡೆಯುತ್ತಿದ್ದರು. ಬೂಟಿನ ಕಂಪೆನಿಗೆ ಲಾಭ, ಟಿವಿಗೆ ಲಾಭ, ಕಾಲೇಜಿಗೆ ಲಾಭ, ತರಬೇತುದಾರನಿಗೆ ಲಾಭ. ಮೂಳೆ ಮುರಿದುಕೊಳ್ಳುವ ಹುಡುಗನಿಗೆ ಮಾತ್ರ ಶುಲ್ಕ ವಿನಾಯಿತಿ, ಊಟ, ವಸತಿ. ಅದಕ್ಕಿಂತ ಒಂದು ಡಾಲರ್ ಹೆಚ್ಚು ಮುಟ್ಟಿದರೂ ಅವನು ಅಪರಾಧಿ. 2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾನಿಲಯದ ಎ.ಜೆ. ಗ್ರೀನ್ ತಾನು ಆಡಿದ ಅಂಗಿಯನ್ನು 1,000 ಡಾಲರ್‌ಗೆ ಮಾರಿದ ತಪ್ಪಿಗೆ ನಾಲ್ಕು ಪಂದ್ಯಗಳಿಂದ ಹೊರಗುಳಿಯಬೇಕಾಯಿತು. ಅದೇ ಸಮಯದಲ್ಲಿ ಅವನ ಸಂಖ್ಯೆಯುಳ್ಳ ಅಂಗಿಗಳು ಮಳಿಗೆಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಅಂಗಿ ಮಾರುವ ಹಕ್ಕು ಎಲ್ಲರಿಗೂ ಇತ್ತು, ತೊಟ್ಟು ಬೆವರಿದವನಿಗೆ ಮಾತ್ರ ಇರಲಿಲ್ಲ.

ಈ ವ್ಯವಸ್ಥೆಗೆ ಒಂದು ಸುಂದರ ಹೆಸರಿತ್ತು: ‘ವಿದ್ಯಾರ್ಥಿ-ಕ್ರೀಡಾಪಟು’. ಕೇಳಲು ಎಷ್ಟು ಹಿತ! ಆದರೆ ಈ ಪದ ಹುಟ್ಟಿದ ಹಿನ್ನೆಲೆ ಹಿತವಾದುದಲ್ಲ. 1955ರಲ್ಲಿ ಕೊಲರಾಡೋ ರಾಜ್ಯದ ಕಾಲೇಜೊಂದರ ಆಟಗಾರ ರೇ ಡೆನಿಸನ್ ಫುಟ್ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಅವನ ವಿಧವೆ ಕಾರ್ಮಿಕರ ಪರಿಹಾರ ಕಾನೂನಿನಡಿ ಪರಿಹಾರ ಕೇಳಿದಳು. ಆಕೆಯ ಗಂಡ ಕಾಲೇಜಿನ ಕೆಲಸಗಾರನೇನಲ್ಲ ಎಂದು 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಇಂತಹ ಪರಿಹಾರದ ಭಯದಿಂದಲೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ರೂಪಿಸಿ ಎಲ್ಲೆಡೆ ಕಡ್ಡಾಯ ಮಾಡಿದೆವು ಎಂದು ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯನ್ನು 1951ರಿಂದ 1988ರವರೆಗೆ ನಡೆಸಿದ ವಾಲ್ಟರ್ ಬೈಯರ್ಸ್ ಅವರೇ 1995ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡರು. ನಿವೃತ್ತರಾದ ಮೇಲೆ ಮನಸ್ಸಾಕ್ಷಿ ಎಚ್ಚರಗೊಳ್ಳುವುದು ನಮ್ಮ ದೇಶದ ಅಧಿಕಾರಿಗಳ ರೋಗ ಮಾತ್ರವಲ್ಲ!

ಗೋಡೆ ಬಿರುಕು ಬಿಡಲು ಇನ್ನೂ ಬಹಳ ಕಾಲ ಹಿಡಿಯಿತು. ವಿಡಿಯೋ ಆಟವೊಂದರಲ್ಲಿ ತನ್ನದೇ ರೂಪ ಓಡಾಡುತ್ತಿರುವುದನ್ನು ಕಂಡ ಎಡ್ ಓಬ್ಯಾನನ್ ಎಂಬ ಮಾಜಿ ಬಾಸ್ಕೆಟ್‌ಬಾಲ್ ಆಟಗಾರ 2009ರಲ್ಲಿ ದಾವೆ ಹೂಡಿದ. 2019ರಲ್ಲಿ ಕ್ಯಾಲಿಫೋರ್ನಿಯಾ, ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಸಂಪಾದಿಸಬಹುದೆಂದು ಕಾನೂನು ಮಾಡಿತು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ ಒಂಬತ್ತೂ ನ್ಯಾಯಾಧೀಶರ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತಿತು. ಜುಲೈ 1ರಿಂದ ಬಾಗಿಲು ತೆರೆಯಿತು. ಆಟಗಾರ ಜಾಹೀರಾತಿನಲ್ಲಿ ಕಾಣಿಸಿಕೊಳ್ಳಬಹುದು, ಬೂಟು ಪ್ರಚಾರ ಮಾಡಬಹುದು, ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ಮತ್ತೊಂದು ರಾಜಿ ತೀರ್ಪಿನ ಮೂಲಕ, ಕಾಲೇಜುಗಳೇ ವರ್ಷಕ್ಕೆ 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದೆಂದಾಯಿತು.

ಸರಿ, ಬಾಗಿಲೇನೋ ತೆರೆಯಿತು. ಆದರೆ ಒಳಗೆ ಕಾಲಿಟ್ಟ ಹದಿನೆಂಟರ ಹುಡುಗನ ಕೈಗೆ ಏನು ಕೊಟ್ಟರು? ಮಾತು ಕೊಟ್ಟರು.

ಇಲ್ಲೊಂದು ವಿಪರ್ಯಾಸವನ್ನು ಓದುಗರ ಗಮನಕ್ಕೆ ತರಲೇಬೇಕು. ಅಮೆರಿಕದ ಕಾಲೇಜುಗಳಿಗೆ ಬರೆಯುವ ಅಭ್ಯಾಸ ಇರಲಿಲ್ಲವೆಂದಲ್ಲ. 1964ರಿಂದಲೇ ಅಲ್ಲಿ ‘ರಾಷ್ಟ್ರೀಯ ಉದ್ದೇಶ ಪತ್ರ’ ಎಂಬ ಕಾಗದವೊಂದು ಚಾಲ್ತಿಯಲ್ಲಿತ್ತು. ಪ್ರೌಢಶಾಲೆ ಮುಗಿಸುತ್ತಿರುವ ಹುಡುಗ ತಾನು ಇಂಥ ಕಾಲೇಜಿನಲ್ಲೇ ಆಡುತ್ತೇನೆಂದು ಅದರಲ್ಲಿ ಸಹಿ ಹಾಕಬೇಕು. ಆಮೇಲೆ ಮನಸ್ಸು ಬದಲಿಸಿದರೆ ದಂಡನೆಯಾಗಿ ಆಟದ ಅವಧಿಯನ್ನೇ ಕಳೆದುಕೊಳ್ಳಬೇಕು. 2024ರ ಅಕ್ಟೋಬರ್‌ವರೆಗೂ ಈ ಪತ್ರ ಜೀವಂತವಾಗಿತ್ತು. ಅಷ್ಟೇ ಅಲ್ಲ, ನಿಯಮಗಳಿಗೆ ಬದ್ಧನಾಗಿರುತ್ತೇನೆಂದು ಪ್ರತಿ ವರ್ಷವೂ ಆಟಗಾರ ಲಿಖಿತವಾಗಿ ಒಪ್ಪಿಕೊಳ್ಳಬೇಕಿತ್ತು. ಎಂದರೆ ಹುಡುಗ ಕಾಲೇಜಿಗೆ ಕೊಡಬೇಕಾದುದೆಲ್ಲ ಕಪ್ಪು-ಬಿಳುಪಿನಲ್ಲಿ; ಹುಡುಗನನ್ನು ಸೆಳೆಯಲು ಕೊಟ್ಟ ಭರವಸೆಗಳೆಲ್ಲ ಗಾಳಿಯಲ್ಲಿ. ನಿನ್ನನ್ನು ಮೊದಲ ತಂಡದಲ್ಲೇ ಆಡಿಸುತ್ತೇವೆ, ಗಾಯವಾದರೂ ಕೈಬಿಡುವುದಿಲ್ಲ, ನಾನು ಇಲ್ಲೇ ಇರುತ್ತೇನೆ — ಇಷ್ಟು ಹೇಳಿ ತರಬೇತುದಾರ ಮರುವರ್ಷ ಹೆಚ್ಚಿನ ಸಂಬಳಕ್ಕೆ ಬೇರೆ ಕಾಲೇಜಿಗೆ ಹೋದ ಉದಾಹರಣೆಗಳಿಗೆ ಅಲ್ಲಿ ಲೆಕ್ಕವಿಲ್ಲ. ಆದ್ದರಿಂದ ‘ಕ್ರೀಡೆಯಲ್ಲಿ ಎಲ್ಲವೂ ವಿಶ್ವಾಸದ ಮೇಲೆ ನಡೆಯುತ್ತದೆ’ ಎಂಬ ಮಾತನ್ನು ದಯವಿಟ್ಟು ಯಾರೂ ನನ್ನ ಮುಂದೆ ಹೇಳಬಾರದು. ವಿಶ್ವಾಸವನ್ನು ದುರ್ಬಲನಿಂದ ಮಾತ್ರ ಬೇಡುತ್ತಾರೆ. ಬಲವಂತನು ತನಗೆ ಬೇಕಾದುದನ್ನು ಯಾವಾಗಲೂ ಬರೆಸಿಕೊಂಡೇ ಇರುತ್ತಾನೆ.

ನಾನು ಇದನ್ನು ಹೊರಗಿನವನಾಗಿ ಹೇಳುತ್ತಿಲ್ಲ. ಪದವಿ ಕಾಲೇಜೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು ನಾನು. ಕಬಡ್ಡಿಗೆ, ವಾಲಿಬಾಲ್‌ಗೆ ಹುಡುಗರನ್ನು ಹುಡುಕಿಕೊಂಡು ಹಳ್ಳಿಹಳ್ಳಿ ತಿರುಗುವುದು ನನ್ನ ಕೆಲಸವಾಗಿತ್ತು. ಒಂದು ಸಂಜೆ ಮೀನಿನ ಲಾರಿಗೆ ಲೋಡ್ ಮಾಡುವವರೊಬ್ಬರ ಮನೆಯ ಜಗಲಿಯಲ್ಲಿ ಕುಳಿತು, “ಫೀಸಿನ ಚಿಂತೆ ನಿಮಗೆ ಬೇಡ, ಹಾಸ್ಟೆಲ್ಲೂ ಉಚಿತ, ಮೂರು ವರ್ಷ ನಮ್ಮ ಜವಾಬ್ದಾರಿ” ಎಂದು ಹೇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, “ನೀವು ಹೇಳಿದ ಮೇಲೆ ಮುಗಿಯಿತು ಸರ್” ಎಂದರು. ಹುಡುಗ ಒಳ್ಳೆಯ ರೈಡರ್. ಮೊದಲ ವರ್ಷವೇ ನಮಗೆ ಕಪ್ ತಂದುಕೊಟ್ಟ. ಆಡಳಿತ ಮಂಡಳಿ ಅವನ ಫೋಟೋವನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿ ಬಸ್ ನಿಲ್ದಾಣದಲ್ಲಿ ನಿಲ್ಲಿಸಿತು, ಪ್ರವೇಶಾತಿಯ ಕೈಪಿಡಿಯ ಮುಖಪುಟಕ್ಕೂ ಹಾಕಿತು. ಎರಡನೆಯ ವರ್ಷ ಅವನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಅಷ್ಟರಲ್ಲಿ ಮಂಡಳಿಯೂ ಬದಲಾಗಿತ್ತು. ಕಚೇರಿಯಿಂದ ಶುಲ್ಕ ಮತ್ತು ಹಾಸ್ಟೆಲ್ ಬಾಕಿಯ ಚೀಟಿ ಹೋಯಿತು. ನಾನು ಕೇಳಲು ಹೋದಾಗ ಬಂದ ಉತ್ತರ ಎರಡೇ ಪದಗಳದ್ದು: “ಎಲ್ಲಿ ಬರೆದಿದೆ?”

ಎಲ್ಲಿಯೂ ಬರೆದಿರಲಿಲ್ಲ. ಬರೆದುಕೊಡಿ ಎಂದು ನಾನೇ ಕೇಳಿರಲಿಲ್ಲ. ಹುಡುಗ ಪದವಿ ಮುಗಿಸಲಿಲ್ಲ. ಅವನ ಫ್ಲೆಕ್ಸ್ ಮಾತ್ರ ಮುಂದಿನ ಪ್ರವೇಶಾತಿಯವರೆಗೂ ಬಸ್ ನಿಲ್ದಾಣದಲ್ಲಿ ನಿಂತಿತ್ತು, ಮಳೆಗೆ ಬಣ್ಣ ಬಿಡುತ್ತಾ. ಅವನ ತಂದೆ ಸಿಕ್ಕಾಗ ಸಲಾಂ ಹೇಳುತ್ತಿದ್ದರು, ಬೇರೇನೂ ಹೇಳುತ್ತಿರಲಿಲ್ಲ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಮೆರಿಕದ ಹುಡುಗರ ಹೆಸರು ಮತ್ತು ಚಿತ್ರದ ಹಕ್ಕಿನ ವಾದ ನಮಗೆ ದೂರದ್ದೆಂದು ಹೇಳುವವರಿಗೆ ಆ ಫ್ಲೆಕ್ಸ್ ನನ್ನ ಉತ್ತರ. ಹುಡುಗನ ಮುಖ ತೋರಿಸಿ ಸೀಟು ತುಂಬಿಸಿಕೊಳ್ಳುವುದು ಜಾಹೀರಾತಲ್ಲದೆ ಮತ್ತೇನು?

ಇಸ್ಲಾಮಿನಲ್ಲಿ ಬಾಯಿಮಾತೇ ಕರಾರು, ಮುಸ್ಲಿಮನ ನಾಲಿಗೆಯೇ ಅವನ ಸಹಿ ಎಂದು ನಮ್ಮಲ್ಲಿ ಹಲವರು ಅಭಿಮಾನದಿಂದ ಹೇಳುವುದುಂಟು. ಕೇಳಲು ಚೆನ್ನಾಗಿದೆ. ಕೊಟ್ಟ ಮಾತು ಬರೆಯದಿದ್ದರೂ ಬಾಧ್ಯತೆಯೇ ಎಂಬುದು ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸುವವರು ಪವಿತ್ರ ಕುರ್‌ಆನನ್ನು ಎರಡನೆಯ ಅಧ್ಯಾಯದವರೆಗೂ ಓದಿಲ್ಲವೆಂದೇ ಹೇಳಬೇಕಾಗುತ್ತದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದು? ನಮಾಝಿನ ಕುರಿತಾದುದಲ್ಲ, ಉಪವಾಸದ ಕುರಿತಾದುದಲ್ಲ. ಸೂರಃ ಅಲ್‌ಬಕರಃದ 282ನೆಯ ಸೂಕ್ತ. ಅವಧಿಯಿಟ್ಟು ನಡೆಸುವ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದು. ಇಂದು ಕೆಲಸ ಮಾಡಿಸಿಕೊಂಡು ಮುಂದೆ ಕೊಡುತ್ತೇನೆಂದ ಸಂಭಾವನೆಯೂ ಸಾಲವಲ್ಲದೆ ಬೇರೇನಲ್ಲ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು, ಬರೆಯಬಲ್ಲವನು ನಿರಾಕರಿಸಬಾರದು, ಸಾಕ್ಷಿಗಳಿರಬೇಕು, ಬರೆದವನಿಗೂ ಸಾಕ್ಷಿಗೂ ತೊಂದರೆಯಾಗಬಾರದು ಎಂದೆಲ್ಲ ಅದು ವಿವರವಾಗಿ ಹೇಳುತ್ತದೆ. ಕೈಯಿಂದ ಕೈಗೆ ಆಗಿಹೋಗುವ ನಗದು ವ್ಯಾಪಾರಕ್ಕೆ ಮಾತ್ರ ರಿಯಾಯಿತಿ ಇದೆ.

ಬಹುಪಾಲು ವಿದ್ವಾಂಸರು ಇದನ್ನು ಕಡ್ಡಾಯವೆಂದಲ್ಲ, ಉತ್ತಮವೆಂದು ಪರಿಗಣಿಸಿದ್ದಾರೆ. ಪರಸ್ಪರ ನಂಬಿಕೆಯಿರುವವರ ಕುರಿತು ಮುಂದಿನ ಸೂಕ್ತದಲ್ಲಿ ಪ್ರಸ್ತಾಪವಿದೆ ಎಂದು ಯಾರಾದರೂ ನನ್ನನ್ನು ತಿದ್ದಬಹುದು. ಒಪ್ಪುತ್ತೇನೆ. ಆದರೆ ಅಲ್ಲಿ ದೇವಭಯದ ಎಚ್ಚರಿಕೆ ಯಾರಿಗೆ? ನಂಬಿದವನಿಗಲ್ಲ, ನಂಬಿಸಿಕೊಂಡವನಿಗೆ. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ. ಬರೆದುಕೊಡಿ ಎಂದು ಕೇಳಿದವನನ್ನೇ, “ಏನು, ನಮ್ಮ ಮೇಲೆ ನಂಬಿಕೆ ಇಲ್ಲವೇ?” ಎಂದು ನಾಚಿಸುತ್ತೇವೆ.

ಈ ಸೂಕ್ತದಲ್ಲಿ ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದ ಇನ್ನೊಂದು ವಿಷಯವಿದೆ. ಕರಾರನ್ನು ಬರೆಸಬೇಕಾದವನು ಯಾರು? ಯಾರ ಮೇಲೆ ಬಾಧ್ಯತೆಯಿದೆಯೋ ಅವನು. ಅಂದರೆ ಕೊಡಬೇಕಾದವನು ತನ್ನ ಬಾಯಿಂದಲೇ ತನ್ನ ಋಣವನ್ನು ಹೇಳಿ ಬರೆಸಬೇಕು, ಅದರಲ್ಲಿ ಒಂದಿಷ್ಟೂ ಕಡಿತ ಮಾಡಬಾರದು. ಅವನು ತಿಳಿವಳಿಕೆಯಿಲ್ಲದವನೋ ದುರ್ಬಲನೋ ಆಗಿದ್ದರೆ ಅವನ ಪರವಾಗಿ ಅವನ ಪೋಷಕ ನ್ಯಾಯವಾಗಿ ಬರೆಸಬೇಕು. ಸಹಿ ಹಾಕುವವನಿಗೆ ಅರ್ಥವೇ ಆಗದ ಕಾಗದಕ್ಕೆ ಈ ವ್ಯವಸ್ಥೆಯಲ್ಲಿ ಜಾಗವಿಲ್ಲ. ಹಾಗಾಗಿ ‘ಬರೆದಾಯಿತಲ್ಲ, ಇನ್ನೇನು?’ ಎನ್ನುವವರಿಗೂ ಇಲ್ಲಿ ಉತ್ತರವಿದೆ. ಬರೆದರೆ ಸಾಲದು, ಯಾರು ಬರೆಸಿದರು ಎಂಬುದೂ ಮುಖ್ಯ.

ಅಮೆರಿಕದಲ್ಲಿ ಬರೆದ ಕಾಗದಗಳ ಗತಿ ಏನಾಯಿತು ನೋಡಿ. ಜೇಡನ್ ರಶಾಡಾ ಎಂಬ ಕ್ಯಾಲಿಫೋರ್ನಿಯಾದ ಹುಡುಗನಿಗೆ 2022ರ ನವೆಂಬರ್‌ನಲ್ಲಿ ಫ್ಲೋರಿಡಾ ವಿಶ್ವವಿದ್ಯಾನಿಲಯದ ಬೆಂಬಲಿಗರ ಕೂಟ ನಾಲ್ಕು ವರ್ಷಗಳಿಗೆ 1.385 ಕೋಟಿ ಡಾಲರ್‌ಗಳ ಲಿಖಿತ ಒಪ್ಪಂದ ಮಾಡಿಕೊಟ್ಟಿತು. ಕೈಗೆ ಬರಬೇಕಿದ್ದ ಮೊದಲ ಕಂತು ಐದು ಲಕ್ಷ ಡಾಲರ್. ಡಿಸೆಂಬರ್ ಮೊದಲ ವಾರ ಕಂತು ಬರಲಿಲ್ಲ, ಒಪ್ಪಂದ ರದ್ದಾಗಿದೆಯೆಂಬ ಪತ್ರ ಬಂತು. ಕೂಟ ತನಗೆ ಬೇಕೆನಿಸಿದಾಗ ಒಪ್ಪಂದವನ್ನು ರದ್ದುಪಡಿಸಬಹುದೆಂಬ ಷರತ್ತು ಆ ಕಾಗದದೊಳಗೇ ಇತ್ತು! ಕೋಟಿಯ ಅಂಕಿಯನ್ನು ಎಲ್ಲರೂ ಓದಿದರು, ಆ ಸಾಲನ್ನು ಎಷ್ಟು ಮಂದಿ ಓದಿದರೋ! ಮುಂದಿನದು ಇನ್ನೂ ವಿಚಿತ್ರ. ಆ ನಂತರವೂ, ಇಂದೇ ಸಹಿ ಹಾಕಿದರೆ ಹತ್ತು ಲಕ್ಷ ಡಾಲರ್ ಸಿಗುತ್ತದೆಂದು ಮುಖ್ಯ ತರಬೇತುದಾರರೇ ಬಾಯಿಮಾತಿನ ಭರವಸೆ ಕೊಟ್ಟರು ಎಂಬುದು 2024ರ ಮೇನಲ್ಲಿ ರಶಾಡಾ ಹೂಡಿದ ದಾವೆಯ ಆರೋಪ. ಪ್ರತಿವಾದಿಗಳು ಆರೋಪವನ್ನು ಅಲ್ಲಗಳೆದಿದ್ದಾರೆ. ಒಮ್ಮೆ ಕಾಗದದಲ್ಲಿ ಸುಟ್ಟುಕೊಂಡ ಕುಟುಂಬವೂ ಮತ್ತೆ ಮಾತನ್ನೇ ನಂಬಿ ಸಹಿ ಹಾಕಿತೆಂದರೆ, ಹದಿಹರೆಯದ ಆಟಗಾರನ ಮನೆಯಲ್ಲಿ ಆಸೆ ಹೇಗೆ ಕೆಲಸ ಮಾಡುತ್ತದೆಂದು ಊಹಿಸಬಹುದು. ಅದು ಮೀನಿನ ಲಾರಿಯವರ ಜಗಲಿಯಲ್ಲೂ ಹಾಗೆಯೇ ಕೆಲಸ ಮಾಡುತ್ತದೆ.

ಇನ್ನೊಂದು ಪ್ರಕರಣವನ್ನು ನಮ್ಮ ಮದ್ರಸಾಗಳಲ್ಲಿ ಫಿಕ್‌ಹ್ ಪಾಠಕ್ಕೆ ಉದಾಹರಣೆಯಾಗಿ ಕೊಡಬಹುದು. ಗರ್ವಾನ್ ಡೆಕ್ಸ್‌ಟರ್ ಎಂಬ ಅದೇ ಫ್ಲೋರಿಡಾದ ಆಟಗಾರ 2022ರಲ್ಲಿ ಒಂದು ಹೂಡಿಕೆ ಕಂಪೆನಿಯಿಂದ 4,36,485 ಡಾಲರ್ ಪಡೆದ. ಪ್ರತಿಯಾಗಿ ಏನು ಕೊಟ್ಟ? ಮುಂದೆ ತಾನು ವೃತ್ತಿಪರ ಲೀಗ್ ಸೇರಿದರೆ, 25 ವರ್ಷಗಳ ಕಾಲ ತನ್ನ ಆಟದ ಸಂಪಾದನೆಯ ಶೇ. 15 ಭಾಗ, ಅದೂ ತೆರಿಗೆ ಕಡಿತಕ್ಕೂ ಮುಂಚೆ. 2023ರಲ್ಲಿ ಶಿಕಾಗೋ ತಂಡ ಅವನನ್ನು ಆರಿಸಿಕೊಂಡಿತು, ನಾಲ್ಕು ವರ್ಷಕ್ಕೆ 67 ಲಕ್ಷ ಡಾಲರ್ ದಾಟಿದ ಕರಾರಿನೊಂದಿಗೆ. ಆ ಮೊದಲ ಕರಾರಿನ ಶೇ. 15 ಎಂದರೇ ಹತ್ತು ಲಕ್ಷ ಡಾಲರ್! ಒಪ್ಪಂದವೇ ಅಸಿಂಧುವೆಂದು ಘೋಷಿಸಬೇಕೆಂದು ಅವನು ಅದೇ ವರ್ಷ ನ್ಯಾಯಾಲಯದ ಮೆಟ್ಟಿಲೇರಿದ. ಹಣ್ಣು ಬಲಿಯುವ ಲಕ್ಷಣ ಕಾಣುವ ಮುಂಚೆ ಮರದ ಫಸಲನ್ನು ಮಾರುವುದನ್ನು, ಗರ್ಭದಲ್ಲಿರುವ ಒಂಟೆಮರಿಗೆ ಮುಂದೆ ಹುಟ್ಟಲಿರುವ ಮರಿಯ ವ್ಯಾಪಾರವನ್ನು ಪ್ರವಾದಿ ಮುಹಮ್ಮದ್(ಸ)ರು ನಿಷೇಧಿಸಿದರು. ಹದಿನಾಲ್ಕು ಶತಮಾನಗಳ ಬಳಿಕ ಒಂಟೆಯ ಜಾಗದಲ್ಲಿ ಇಪ್ಪತ್ತರ ಯುವಕನ ಮೊಣಕಾಲು ಬಂದು ನಿಂತಿದೆ.

ಕಾಗದ ಬಲವಂತನ ಕೈಗೆ ಸಿಕ್ಕಾಗ ಅದು ಹೇಗೆ ತಿರುಗುತ್ತದೆ ಎಂಬುದಕ್ಕೆ ಜಾರ್ಜಿಯಾದ ಉದಾಹರಣೆ ಇತ್ತೀಚಿನದು. ಹದಿನಾಲ್ಕು ತಿಂಗಳಿಗೆ ಐದು ಲಕ್ಷ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿ, 30 ಸಾವಿರ ಪಡೆದು, ಬೇರೆ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋದ ಆಟಗಾರನೊಬ್ಬನಿಂದ ಅಲ್ಲಿನ ಕ್ರೀಡಾ ಸಂಘ 3,90,000 ಡಾಲರ್ ಪರಿಹಾರ ಕೇಳಿತೆಂದು 2025ರ ಕೊನೆಯಲ್ಲಿ ವರದಿಯಾಯಿತು. ಪಡೆದುದರ ಹದಿಮೂರು ಪಟ್ಟು! ಹುಡುಗ ಒಪ್ಪಂದ ಮುರಿದಿರಬಹುದು, ಮುರಿದುದಕ್ಕೆ ಹೊಣೆಯೂ ಇರಬೇಕು. ಒಪ್ಪಂದ ಪಾಲಿಸಿರೆಂಬ ಕುರ್‌ಆನಿನ ಆದೇಶ ಆಟಗಾರನಿಗೂ ಅನ್ವಯಿಸುತ್ತದೆ. ಹೆಚ್ಚು ಕೊಡುವವನು ಸಿಕ್ಕನೆಂದು ಋತುವಿನ ನಡುವೆ ಕೈಕೊಟ್ಟು ಹೋಗುವವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನಲ್ವತ್ತು ವರ್ಷ ಅನುಭವವಿರುವ ವಕೀಲರು ಬರೆದ ದಂಡದ ಷರತ್ತನ್ನು ಮೊಬೈಲಿನಲ್ಲಿ ಬೆರಳಾಡಿಸಿ ಒಪ್ಪಿಕೊಳ್ಳುವ ಹುಡುಗನ ಪಕ್ಕದಲ್ಲಿ ಯಾರಿರುತ್ತಾರೆ? ಆ ಸೂಕ್ತ ಹೇಳಿದ ಪೋಷಕ ಎಲ್ಲಿದ್ದಾನೆ? ಆರುನೂರು ಡಾಲರ್ ಮೀರಿದ ಜಾಹೀರಾತು ಒಪ್ಪಂದಗಳನ್ನೆಲ್ಲ ಆಟಗಾರ ವರದಿ ಮಾಡಬೇಕೆಂಬ ವ್ಯವಸ್ಥೆ 2025ರಿಂದ ಅಲ್ಲಿ ಬಂದಿದೆ. ಒಳ್ಳೆಯದೇ. ಅದರಿಂದ ಒಪ್ಪಂದ ಬೆಳಕಿಗೆ ಬರುತ್ತದೆ, ಅಷ್ಟೇ. ಓದಿ ಹೇಳುವವನು ಸಿಕ್ಕಂತಾಗುವುದಿಲ್ಲ.

ಹಣದ ಮಾತು, ಕರಾರಿನ ಮಾತು ಬಂದರೆ ಆಟದ ಪಾವಿತ್ರ್ಯ ಕೆಡುತ್ತದೆ ಎಂಬ ವಾದವೊಂದಿದೆ. ಸಂಬಳ ಪಡೆಯುವವರ ಬಾಯಲ್ಲೇ ಇದು ಹೆಚ್ಚು ಕೇಳಿಬರುತ್ತದೆ. ಬಹಿರಂಗವಾಗಿ ಬರೆಯಲು ಬಿಡದಿದ್ದಾಗ ಆಟ ಪವಿತ್ರವಾಗಿತ್ತೇ? 2017ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಬಯಲಿಗೆಳೆದ ಹಗರಣದಲ್ಲಿ ಬೂಟಿನ ಕಂಪೆನಿಯ ಅಧಿಕಾರಿಗಳು ಪ್ರತಿಭಾವಂತ ಹುಡುಗರ ಕುಟುಂಬಗಳಿಗೆ ಗುಟ್ಟಾಗಿ ಹಣ ಗೊತ್ತುಮಾಡಿದ್ದರು. ಕೆಲವರು ಜೈಲು ಸೇರಿದರು. ಯಾರ ತಂದೆಗೆ ಲಕ್ಷ ಡಾಲರ್ ಗೊತ್ತಾಗಿತ್ತೋ ಆ ಹುಡುಗ ಕಾಲೇಜಿನ ಪರವಾಗಿ ಒಂದೇ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಗುಟ್ಟಿನ ಹಣಕ್ಕೆ ರಸೀದಿ ಇರುವುದಿಲ್ಲ, ಮಾನ ಮಾತ್ರ ಹೋಗುತ್ತದೆ.

ಬರೆದ ಕರಾರು ಹಣಕ್ಕಾಗಿ ಮಾತ್ರವಲ್ಲ ಎಂಬುದನ್ನೂ ನಮ್ಮ ಯುವಕರು ತಿಳಿದಿರಬೇಕು. ‘ಇದನ್ನು ನಾನು ಮಾಡುವುದಿಲ್ಲ’ ಎಂದು ಹೇಳುವ ಜಾಗವೂ ಅದುವೇ. ದಕ್ಷಿಣ ಆಫ್ರಿಕಾದ ಹಾಶಿಮ್ ಆಮ್ಲಾ ತಂಡದ ಪ್ರಾಯೋಜಕರಾಗಿದ್ದ ಬಿಯರ್ ಕಂಪೆನಿಯ ಲಾಂಛನವಿಲ್ಲದ ಅಂಗಿ ತೊಟ್ಟು ಆಡಿದರು. ಅವರು ಆಮ್ಲಾ, ಮಂಡಳಿ ಕೇಳಿಸಿಕೊಂಡಿತು. ಹತ್ತೊಂಬತ್ತರ ಹರೆಯದ, ಹೆಸರಿಲ್ಲದ ಆಟಗಾರನ ಅಂಗಿಯ ಮೇಲೆ ನಾಳೆ ಬೆಟ್ಟಿಂಗ್ ಆ್ಯಪ್‌ನ ಹೆಸರು ಬಂದರೆ ಅವನ ಮಾತನ್ನು ಯಾರು ಕೇಳುತ್ತಾರೆ? ಮದ್ಯ, ಜೂಜು, ಬಡ್ಡಿ ಇವುಗಳ ಪ್ರಚಾರಕ್ಕೆ ನನ್ನ ಮುಖ ಬಳಸಬಾರದು ಎಂಬ ಒಂದು ಸಾಲು ಸಹಿಗೆ ಮುಂಚೆ ಬರೆಸಿದರೆ ಅದು ಹಕ್ಕು. ಆಮೇಲೆ ಕೇಳಿದರೆ ಅದು ತಕರಾರು.

ನಮ್ಮ ಕರಾವಳಿಯ ಮನೆಗಳಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಸೂಪರ್‌ವೈಸರ್ ಕೆಲಸ ಎಂದು ಏಜೆಂಟ್ ಹೇಳಿದ ಮಾತು ನಂಬಿ ವಿಮಾನ ಹತ್ತಿ, ಗಲ್ಫಿನಲ್ಲಿ ಇಳಿದ ಮೇಲೆ ಓದಲು ಬಾರದ ಅರಬಿ ಕಾಗದಕ್ಕೆ ಸಹಿ ಹಾಕಿದವರು ಯಾವ ಊರಿನಲ್ಲಿಲ್ಲ? ನಿಕಾಹ್‌ನ ದಫ್ತರಿನಲ್ಲಿ ಮಹ್ರ್ ಬರೆಯುತ್ತೇವೆ, ವರದಕ್ಷಿಣೆಯನ್ನು ಮಾತ್ರ ಬಾಯಿಮಾತಿನಲ್ಲೇ ಮುಗಿಸುತ್ತೇವೆ. ಬರೆಯಲು ನಾಚುವುದು ಯಾವಾಗ ಎಂದು ನಮಗೆ ಚೆನ್ನಾಗಿ ಗೊತ್ತಿದೆ.

ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಿಂಧುವೇ. ಆದರೆ ಸಾಬೀತುಪಡಿಸುವ ಹೊರೆ ಕೇಳುವವನದು. ಹದಿನೆಂಟು ತುಂಬದವನು ಮಾಡಿದ ಕರಾರಂತೂ ಆರಂಭದಿಂದಲೇ ಅಸಿಂಧುವೆಂದು 1903ರಲ್ಲೇ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದೆ. ಪಿಯುಸಿ ಮುಗಿಸಿದ ಹುಡುಗನನ್ನು ಕಬಡ್ಡಿಗೋ ಅಥ್ಲೆಟಿಕ್ಸ್‌ಗೋ ಕರೆಯಲು ಈ ಜೂನ್‌ನಲ್ಲೂ ನನ್ನಂತಹ ಯಾರಾದರೂ ನಿಮ್ಮ ಜಗಲಿಗೆ ಬಂದು ಕೂರುತ್ತಾರೆ. ಚಹಾ ಕೊಡಿ. ಅವರು ಒಳ್ಳೆಯವರೇ ಇರಬಹುದು. ಆದರೆ ಕಾಲೇಜಿನ ಮುದ್ರೆಯಿರುವ ಕಾಗದದಲ್ಲಿ, ಪ್ರಾಂಶುಪಾಲರ ಸಹಿಯೊಂದಿಗೆ ಇಷ್ಟನ್ನು ಕನ್ನಡದಲ್ಲಿ ಬರೆಸಿಕೊಳ್ಳಿ: ಯಾವ ಯಾವ ಶುಲ್ಕ ಮಾಫಿ, ಎಷ್ಟು ವರ್ಷ, ಹಾಸ್ಟೆಲ್ ಮತ್ತು ಊಟ ಸೇರಿದೆಯೇ, ಆಡುವಾಗ ಗಾಯವಾದರೆ ಆಸ್ಪತ್ರೆಯ ಖರ್ಚು ಯಾರದು, ಆಡಲಾಗದಿದ್ದರೂ ಪದವಿ ಮುಗಿಯುವವರೆಗೆ ಸೌಲಭ್ಯ ಮುಂದುವರಿಯುತ್ತದೆಯೇ, ಬಹುಮಾನದ ಹಣದಲ್ಲಿ ಹುಡುಗನ ಪಾಲೆಷ್ಟು, ಅವನ ಫೋಟೋವನ್ನು ಫ್ಲೆಕ್ಸಿಗೆ ಹಾಕುವುದಾದರೆ ಎಷ್ಟು ಕಾಲ, ಪ್ರತಿಯಾಗಿ ಏನು. ಹುಡುಗನಿಗೆ ಹದಿನೆಂಟು ಆಗಿರದಿದ್ದರೆ ಸಹಿ ಪೋಷಕರದಿರಲಿ. ಪ್ರತಿ ಎರಡಿರಲಿ. ಒಂದು ನಿಮ್ಮ ಟ್ರಂಕಿನಲ್ಲಿರಲಿ.